ಹೆದರಿದ ಗಿನಿಪಿಗ್: ಮೊದಲು ನಿಮ್ಮ ಕೈ ಹಿಂದೆ ಕಟ್ಟಿಕೊಳ್ಳಿ

ಗಿನಿಪಿಗ್ ಸಾಕಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎತ್ತಿಕೊಂಡೆ, ತಲೆ ಸವರಿದೆ, ಅರ್ಧ ಗಂಟೆ ಎದೆಗೆ ಒತ್ತಿಕೊಂಡೇ ಕೂತಿದ್ದೆ, ಆದ್ರೂ ನಡುಗುತ್ತಾನೇ ಇತ್ತು. ಈಗ ನನ್ನನ್ನು ಕಂಡ್ರೆ ಓಡ್ತಿದೆ. ಏನು ಮಾಡ್ಲಿ?" ಉತ್ತರ ಪ್ರಶ್ನೆಯಲ್ಲೇ ಇದೆ. ಎತ್ತಿಕೊಂಡಿದ್ದೇ ತಪ್ಪು.

ಮಗು ಅತ್ತರೆ ಎತ್ತಿಕೊಳ್ಳುತ್ತೇವೆ, ನಾಯಿ ಹೆದರಿದರೆ ಹತ್ತಿರ ಕರೆಯುತ್ತೇವೆ. ಗಿನಿಪಿಗ್ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ. ಇದು ಬೇರೆ ಪ್ರಾಣಿಗಳ ಬಾಯಿಗೆ ಆಹಾರವಾಗುವ ಜೀವಿ. ಮೇಲಿನಿಂದ ಇಳಿದು ಬರುವ ಕೈ ಅದಕ್ಕೆ ಹದ್ದಿನ ಹಾಗೆಯೇ ಕಾಣುತ್ತದೆ. ಕೈಯಲ್ಲಿ ಸಿಕ್ಕಿಬಿದ್ದ ಮೇಲೆ ಅದು ಅಲ್ಲಾಡದೆ ಕೂತರೆ ನಾವು "ಪಾಪ, ಸಮಾಧಾನ ಆಯ್ತು" ಅಂದುಕೊಳ್ಳುತ್ತೇವೆ. ಸಮಾಧಾನ ಆಗಿರುವುದಿಲ್ಲ. ಇನ್ನು ಓಡಲು ದಾರಿಯಿಲ್ಲ ಅಂತ ಕಲ್ಲಾಗಿ ಕೂತಿರುತ್ತದೆ, ಅಷ್ಟೇ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಂತ 4 ಇಷ್ಟವಾಯಿತು ಅಂತ ಅಲ್ಲಿಂದಲೇ ಶುರು ಮಾಡಿದರೆ ಕೆಲಸ ಕೆಡುತ್ತದೆ.

## ಮೊದಲೇ ಮನೆಯಲ್ಲಿ ಇರಬೇಕಾದದ್ದು

ಹೆದರಿದ ಮೇಲೆ ಹುಡುಕಾಡುವುದು ಬೇಡ. ಇವಿಷ್ಟು ಮೊದಲೇ ಇರಲಿ:

- ಅಡಗಲು ಮನೆಗಳು. ಒಂದು ಗಿನಿಪಿಗ್‌ಗೆ ಒಂದು, ಮೇಲೆ ಇನ್ನೊಂದು ಜಾಸ್ತಿ. ರಟ್ಟಿನ ಡಬ್ಬ ಸಾಕು, ಆದರೆ ಎರಡು ಬಾಗಿಲು ಕೊಯ್ದಿರಬೇಕು. ಒಂದೇ ಬಾಗಿಲಿದ್ದರೆ ಒಳಗಿರುವುದನ್ನು ಇನ್ನೊಂದು ಅಡ್ಡಗಟ್ಟುತ್ತದೆ, ಅಲ್ಲೇ ಜಗಳ.
- ಒಣಹುಲ್ಲು. ತಿಮೋತಿ ಹುಲ್ಲು ಸಿಕ್ಕರೆ ಒಳ್ಳೆಯದು. ಔಷಧಿ ಹೊಡೆಯದ ಜಾಗದ ಹಸಿ ಗರಿಕೆಯನ್ನೂ ಚೆನ್ನಾಗಿ ತಿನ್ನುತ್ತವೆ. ಗಣೇಶನಿಗೆ ಅಂತ ತಂದಿದ್ದರಲ್ಲಿ ಒಂದು ಹಿಡಿ ತೊಳೆದು ಎತ್ತಿಡಿ.
- ಕೊತ್ತಂಬರಿ ಸೊಪ್ಪು ಮತ್ತು ದೊಣ್ಣೆ ಮೆಣಸಿನಕಾಯಿ.
- ಹಳೆಯ ಕಾಟನ್ ಬೆಡ್‌ಶೀಟ್, ಒಂದು ದಪ್ಪ ಟವೆಲ್.
- ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಇದು ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ.

## ಹಂತ 1: ಇದು ಹೆದರಿಕೆಯೇ ಅಂತ ನೋಡಿ

ದೂರದಿಂದ ನೋಡಿ. ಬಗ್ಗಿ ಇಣುಕಬೇಡಿ.

ಹೆದರಿದ ಗಿನಿಪಿಗ್ ಒಂದೋ ಬಾಣದ ಹಾಗೆ ಓಡಿ ಮೂಲೆ ಸೇರುತ್ತದೆ, ಇಲ್ಲವೇ ಇದ್ದಲ್ಲೇ ಕಲ್ಲಾಗುತ್ತದೆ. ಮೈ ಬಿಗಿ, ತಲೆ ಸ್ವಲ್ಪ ಮೇಲೆ, ಕಣ್ಣು ಅಗಲ. ಕಣ್ಣಿನ ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಹೆದರಿಕೆ ಜೋರಾಗಿದೆ ಅಂತ ಅರ್ಥ. ಹಲವರು ಮೋಸ ಹೋಗುವುದು ಇಲ್ಲೇ, ಏಕೆಂದರೆ ಗಿನಿಪಿಗ್‌ಗಳು ಎಷ್ಟೋ ಸಲ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತವೆ. ವ್ಯತ್ಯಾಸ ಮೈಯಲ್ಲಿದೆ. ನೆಮ್ಮದಿಯಾಗಿರುವುದು ಇಡ್ಲಿ ಹಿಟ್ಟು ಸುರಿದ ಹಾಗೆ ಹರಡಿಕೊಂಡು, ಹಿಂಗಾಲು ಪಕ್ಕಕ್ಕೆ ಚಾಚಿ ಮಲಗಿರುತ್ತದೆ. ಹೆದರಿದ್ದು ಉಂಡೆ ಕಟ್ಟಿದ ಹಾಗೆ ಕೂತಿರುತ್ತದೆ.

ಸದ್ದಿನಲ್ಲೂ ಎಡವಟ್ಟಾಗುತ್ತದೆ. ತಗ್ಗಿದ ದನಿಯಲ್ಲಿ ಉದ್ದಕ್ಕೆ ಗುರ್‌ಗುಡುವುದು ಸುಖಕ್ಕೆ. ಮಿಕ್ಸಿ ಹಾಕಿದಾಗ, ಬಾಗಿಲು ಬಡಿದಾಗ ಬರುವ ಚಿಕ್ಕ, ಚುರುಕು "ಡ್ರ್ರ್" ಕಳವಳಕ್ಕೆ. ಎರಡೂ ಬೆಕ್ಕು ಗುರುಗುಟ್ಟಿದ ಹಾಗೇ ಕೇಳುತ್ತವೆ, ಹಾಗಾಗಿ ಜನ ಎರಡನ್ನೂ ಖುಷಿ ಅಂದುಕೊಳ್ಳುತ್ತಾರೆ. ಹಲ್ಲು ಕಟಕಟ ಅಂದರೆ ಅದು ಚಳಿಯಲ್ಲ, "ದೂರ ಹೋಗು" ಅಂತ. ಇನ್ನು "ವೀಕ್ ವೀಕ್" ಅಂತ ಕಿರುಚುವುದು ಬಹುತೇಕ ಊಟಕ್ಕೆ. ಫ್ರಿಜ್ ಬಾಗಿಲು ತೆಗೆದ ಸದ್ದಿಗೆ ನಮ್ಮನೆಯ ಗಿನಿಪಿಗ್‌ಗಳಾದ ಕಡ್ಲೆ, ಬೆಲ್ಲ ಎರಡೂ ಬೀದಿಗೆ ಕೇಳುವ ಹಾಗೆ ಕೂಗುತ್ತವೆ. ಅದಕ್ಕೆ ಸಮಾಧಾನ ಬೇಕಿಲ್ಲ, ಸೊಪ್ಪು ಬೇಕು.

ಮರಿಗಳು ಇದ್ದಕ್ಕಿದ್ದಂತೆ ನಿಂತಲ್ಲೇ ಚಿಮ್ಮಿ, ಗಾಳಿಯಲ್ಲಿ ಮೈ ತಿರುಗಿಸುವುದನ್ನು ನೋಡಿ ಫಿಟ್ಸ್ ಬಂತು ಅಂತ ಗಾಬರಿಯಾಗುವವರೂ ಇದ್ದಾರೆ. ಅದು ಕುಣಿತ. ಅರಳು ಸಿಡಿದ ಹಾಗೆ ಹಾರಿ, ಮರುಕ್ಷಣ ಏನೂ ಆಗದ ಹಾಗೆ ಓಡಾಡಿಕೊಂಡಿರುತ್ತದೆ. ಒಂದು ಕಡೆ ಬಿದ್ದು ಕಾಲು ಬಡಿದುಕೊಳ್ಳುತ್ತಿದ್ದರೆ ಮಾತ್ರ ಬೇರೆ ವಿಷಯ, ಆಗ ನೇರ ಡಾಕ್ಟರ್.

## ಹಂತ 2: ಕಾರಣ ಹುಡುಕಿ, ನಿಲ್ಲಿಸಿ (ಮೊದಲ 5 ನಿಮಿಷ)

ಕಾರಣ ಅಲ್ಲೇ ಇದ್ದರೆ ನೀವು ಏನು ಮಾಡಿದರೂ ದಂಡ. ಕಿಟಕಿಯಲ್ಲಿ ಬೆಕ್ಕು ಕೂತಿದೆಯಾ? ಬಾಲ್ಕನಿ ಕಂಬಿ ಮೇಲೆ ಕಾಗೆ? ಪಕ್ಕದ ಮನೆಯಲ್ಲಿ ಡ್ರಿಲ್ಲಿಂಗ್? ನಮ್ಮ ಕಿವಿಗೆ ಕೇಳದ ತೀಕ್ಷ್ಣ ಸದ್ದೂ ಗಿನಿಪಿಗ್‌ಗೆ ಕೇಳುತ್ತದೆ, ಆದ್ದರಿಂದ "ಇಲ್ಲಿ ಸದ್ದೇ ಇಲ್ವಲ್ಲ" ಅಂತ ತೀರ್ಮಾನಿಸಬೇಡಿ. ಕುಕ್ಕರ್ ಸೀಟಿ, ಮಿಕ್ಸಿ, ವಾಷಿಂಗ್ ಮೆಷಿನ್ ಸುತ್ತುವ ಹೊತ್ತು, ಇವೆಲ್ಲ ದಿನಾ ಬರುವ ಕಾರಣಗಳು. ಗೂಡು ಅಡುಗೆಮನೆ ಗೋಡೆಗೆ ತಾಗಿದ್ದರೆ ಜಾಗವೇ ತಪ್ಪು.

ವಾಸನೆಯನ್ನೂ ಮರೆಯಬೇಡಿ. ನಾಯಿ, ಬೆಕ್ಕು ಮುಟ್ಟಿದ ಕೈಯಲ್ಲಿ ಗೂಡಿನ ಹತ್ತಿರ ಹೋಗಬಾರದು. ಅಗರಬತ್ತಿ, ಸಾಂಬ್ರಾಣಿ ಹೊಗೆ ಅವುಗಳ ಪುಟ್ಟ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಇನ್ನೊಂದು ಕಾರಣ ಇದೆ, ಹೇಳಿದರೆ ಮನೆಯಲ್ಲಿ ಬೇಜಾರಾಗುತ್ತದೆ. ನೆಂಟರ ಮಕ್ಕಳು. "ಒಂದ್ಸಲ ಕೊಡಿ ಆಂಟಿ" ಅಂತ ನಾಲ್ಕು ಮಕ್ಕಳ ಕೈಯಿಂದ ಕೈಗೆ ದಾಟಿದ ಪ್ರಾಣಿ ಮೂರು ದಿನ ಮೂಲೆ ಬಿಟ್ಟು ಬರುವುದಿಲ್ಲ. ಮುಲಾಜಿಲ್ಲದೆ "ಅದು ಮಲಗಿದೆ ಪುಟ್ಟ" ಅಂದುಬಿಡಿ.

## ಹಂತ 3: ಮುಚ್ಚಿ, ಬಿಟ್ಟುಬಿಡಿ (ಕನಿಷ್ಠ ಅರ್ಧ ಗಂಟೆ)

ಇದೇ ಮುಖ್ಯವಾದ ಹಂತ. ಯಾರಿಗೂ ಇಷ್ಟವಾಗದ ಹಂತವೂ ಇದೇ, ಏಕೆಂದರೆ ಇಲ್ಲಿ ನಾವು ಮಾಡುವುದು ಏನೂ ಇಲ್ಲ.

ಗೂಡಿನ ಮೇಲೆ ಮತ್ತು ಮೂರು ಪಕ್ಕಕ್ಕೆ ಕಾಟನ್ ಬೆಡ್‌ಶೀಟ್ ಇಳಿಬಿಡಿ. ಒಂದು ಪಕ್ಕ ತೆರೆದೇ ಇರಲಿ. ಪೂರ್ತಿ ಮುಚ್ಚಿದರೆ ಒಳಗೆ ಕಾವು ಏರುತ್ತದೆ, ಗಿನಿಪಿಗ್‌ಗೆ ಸೆಕೆ ತಡೆಯುವುದಿಲ್ಲ. ಅವುಗಳಿಗೆ ಹಿತವಾದದ್ದು ಸುಮಾರು 18ರಿಂದ 24 ಡಿಗ್ರಿ. 28 ದಾಟಿದರೆ ಅಪಾಯ ಶುರು ಅಂತಿಟ್ಟುಕೊಳ್ಳಿ. ಏಪ್ರಿಲ್ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕಡೆ ಇರುವವರು ಬಟ್ಟೆ ಮುಚ್ಚುವ ಯೋಚನೆಯನ್ನೇ ಬಿಟ್ಟು, ಒಳಗಿನ ತಂಪು ಕೋಣೆಗೆ ಗೂಡು ಸಾಗಿಸುವುದು ಮೇಲು.

ಅಡಗುವ ಡಬ್ಬ ಒಳಗಿದೆಯಾ ನೋಡಿ, ಒಂದು ಹಿಡಿ ಹುಲ್ಲು ಬಾಗಿಲ ಹತ್ತಿರ ಇಡಿ, ಹೊರಡಿ. ಅದೇ ಕೋಣೆಯಲ್ಲಿ ನೀವು ಪುಸ್ತಕ ಓದುತ್ತಲೋ ಬಟ್ಟೆ ಮಡಿಸುತ್ತಲೋ ಕೂರಬಹುದು. ದಿಟ್ಟಿಸಿ ನೋಡಬೇಡಿ. ತಮ್ಮನ್ನೇ ನೋಡುತ್ತಾ ಕೂತ ದೊಡ್ಡ ಪ್ರಾಣಿ ಅಂದರೆ ಅವುಗಳ ಲೆಕ್ಕದಲ್ಲಿ ಬೇಟೆಗೆ ಕೂತ ಪ್ರಾಣಿ.

ಈ ಹೊತ್ತಿನಲ್ಲಿ ಜನ ಮಾಡುವ ತಪ್ಪುಗಳು:

ಡಬ್ಬ ಎತ್ತಿ "ಏನಾಯ್ತು ಕಂದ" ಅಂತ ನೋಡುವುದು. ಅಡಗಿದ ಜಾಗದ ಸೂರೇ ಹಾರಿಹೋದರೆ ನಾಳೆಯಿಂದ ಆ ಜಾಗವನ್ನೂ ಅದು ನಂಬುವುದಿಲ್ಲ. ಡಬ್ಬದೊಳಗೆ ಇರುವಾಗ ಅದು ನಿಮ್ಮ ಪಾಲಿಗೆ ಮನೆಯಲ್ಲೇ ಇಲ್ಲ ಅಂತಿಟ್ಟುಕೊಳ್ಳಿ.

ಸ್ನಾನ ಮಾಡಿಸುವುದು. ಹೆದರಿ ಉಚ್ಚೆ ಮಾಡಿಕೊಂಡು ಹೊಟ್ಟೆ ಒದ್ದೆಯಾಗಿದ್ದರೆ ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಅಂಗಾತ ಮಲಗಿಸಿ ಹೊಟ್ಟೆ ಸವರುವುದು. ಹಾಗೆ ಮಲಗಿಸಿದಾಗ ಅಲ್ಲಾಡದೆ ಇರುತ್ತದೆ, ವಿಡಿಯೊದಲ್ಲಿ ಮುದ್ದಾಗಿಯೂ ಕಾಣುತ್ತದೆ. ಅದು ಭಯಕ್ಕೆ ಮೈ ಸೆಟೆದು ನಿಂತಿರುವುದು.

ನಾಯಿಗೆ ಕೊಡುವ ನಿದ್ದೆ ಮಾತ್ರೆ, ಮನೆಯಲ್ಲಿ ಉಳಿದ ಯಾವುದೋ ಔಷಧಿ ಕೊಡುವುದು. ಇದಂತೂ ಬೇಡವೇ ಬೇಡ. ನಾವು ಸಲೀಸಾಗಿ ನುಂಗುವ ಅಮಾಕ್ಸಿಸಿಲಿನ್, ಪೆನಿಸಿಲಿನ್ ಥರದ ಮಾತ್ರೆ ಗಿನಿಪಿಗ್ ಹೊಟ್ಟೆಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಕುತ್ತು ಬರಬಹುದು.

## ಹಂತ 4: ತಿನ್ನುತ್ತಿದೆಯಾ? (ಅದೇ ದಿನ)

ಹೆದರಿಕೆ ಇಳಿದಿದೆ ಅನ್ನುವುದಕ್ಕೆ ಒಂದೇ ಗಟ್ಟಿ ಗುರುತು, ತಿನ್ನುವುದು. ಮೊದಲು ಮೂಗು ಆಡುತ್ತದೆ, ಆಮೇಲೆ ಡಬ್ಬದಿಂದ ಅರ್ಧ ಮೈ ಹೊರಗೆ ಬರುತ್ತದೆ, ಒಂದು ಎಳೆ ಹುಲ್ಲು ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ಆ ಕರಕರ ಸದ್ದು ಕೇಳಿದರೆ ನೀವೂ ಹೋಗಿ ಕಾಫಿ ಕುಡಿಯಿರಿ.

ಯಾಕಿಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಪ್ರಾಣಿಯ ಕರುಳು ನಿಲ್ಲದೆ ಕೆಲಸ ಮಾಡುತ್ತಲೇ ಇರಬೇಕು. ಹೆದರಿ ತಿನ್ನುವುದು ಬಿಟ್ಟರೆ ಕರುಳು ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ನೋವಿಗೆ ಇನ್ನೂ ತಿನ್ನುವುದಿಲ್ಲ. ಹೆದರಿಕೆ ಕಾಯಿಲೆಯಾಗುವುದು ಹೀಗೆ. ಎಂಟು ಹತ್ತು ಗಂಟೆ ಏನೂ ಮುಟ್ಟದಿದ್ದರೆ ಡಾಕ್ಟರ್‌ಗೆ ಫೋನ್ ಮಾಡಿ. ಒಂದು ಇಡೀ ದಿನ ಕಾಯುವುದು ತಡವಾಯಿತು.

ದೊಣ್ಣೆ ಮೆಣಸಿನಕಾಯಿ ಒಂದು ತುಂಡು ಕೊಡುವುದಕ್ಕೂ ಕಾರಣವಿದೆ. ನಮ್ಮ ಹಾಗೆ ಗಿನಿಪಿಗ್ ಕೂಡ ವಿಟಮಿನ್ ಸಿ ಅನ್ನು ಮೈಯಲ್ಲೇ ತಯಾರಿಸಿಕೊಳ್ಳಲಾರದು, ದಿನಾ ತಿಂದೇ ಪಡೆಯಬೇಕು. ಸೀಬೆಹಣ್ಣಿನ ಚೂರೂ ಆಗುತ್ತದೆ, ಸಿಹಿ ಇರುವುದರಿಂದ ಅಪರೂಪಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಅನ್ನ, ಬಿಸ್ಕತ್ತು ಬೇಡ. "ಪಾಪ ಹೆದರಿದೆ" ಅಂತ ಬಿಸ್ಕತ್ತು ಕೊಡುವ ಅಜ್ಜಿಯರು ಎಲ್ಲ ಮನೆಯಲ್ಲೂ ಇರುತ್ತಾರೆ, ಅವರ ಕೈಗೆ ಕೊತ್ತಂಬರಿ ಕಡ್ಡಿ ಕೊಡಿ.

## ಹಂತ 5: ದನಿ ಮೊದಲು, ಕೈ ಆಮೇಲೆ (ಮರುದಿನದಿಂದ)

ದಿನಾ ಒಂದೇ ಹೊತ್ತಿಗೆ, ಗೂಡಿನ ಪಕ್ಕ ನೆಲದ ಮೇಲೆ ಕೂರಿ. ನಿಂತುಕೊಂಡಲ್ಲ, ಬಗ್ಗಿಕೊಂಡೂ ಅಲ್ಲ, ಕೂತು. ಮೆಲ್ಲಗೆ ಮಾತಾಡಿ. ಏನು ಬೇಕಾದರೂ ಆಗಬಹುದು, ತರಕಾರಿ ರೇಟು ಹೇಳಿ, ಆಫೀಸಿನ ಸಂಕಟ ಹೇಳಿಕೊಳ್ಳಿ. ಹತ್ತಿರ ಬರುವ ಮೊದಲೂ ಅದೇ ಮಾತು ಶುರು ಮಾಡಿಕೊಂಡೇ ಬನ್ನಿ, ಸದ್ದಿಲ್ಲದೆ ಎದುರಾಗುವುದೇ ಅವಕ್ಕೆ ಆಗುವುದಿಲ್ಲ.

ಎರಡು ಮೂರು ದಿನವಾದ ಮೇಲೆ ಕೊತ್ತಂಬರಿ. ಇದರಲ್ಲೊಂದು ಸಣ್ಣ ಉಪಾಯ ಇದೆ. ಸಿಕ್ಕಷ್ಟು ಉದ್ದದ ಕಡ್ಡಿ ಆರಿಸಿ, ತುದಿಯನ್ನು ಮಾತ್ರ ಹಿಡಿದು, ಪಕ್ಕದಿಂದ ನೆಲಮಟ್ಟದಲ್ಲಿ ಚಾಚಿ. ಕೈ ದೂರದಲ್ಲಿದೆ ಅಂತ ಅದಕ್ಕೆ ಧೈರ್ಯ ಬರುತ್ತದೆ. ದಿನ ಕಳೆದ ಹಾಗೆ ಕಡ್ಡಿ ಚಿಕ್ಕದು ಮಾಡುತ್ತಾ ಹೋಗಿ. ಕಚ್ಚಿದ ಮೇಲೆ ಆಟಕ್ಕೆ ಅಂತ ವಾಪಸ್ ಎಳೆಯಬೇಡಿ, ಒಂದು ಸಲ ಎಳೆದರೆ ಎರಡು ದಿನ ಹಿಂದಕ್ಕೆ ಹೋಗುತ್ತೀರಿ.

ಕೈಯಿಂದ ತಿನ್ನತೊಡಗಿದ ಮೇಲೆ ಒಂದು ಬೆರಳಿನಿಂದ ಕಿವಿಯ ಹಿಂದೆ, ಗಲ್ಲದ ಪಕ್ಕ ಸವರಿ. ಸೊಂಟದ ಕಡೆ ಬೇಡ, ಬಹುತೇಕ ಗಿನಿಪಿಗ್‌ಗಳಿಗೆ ಅಲ್ಲಿ ಮುಟ್ಟಿದರೆ ಆಗುವುದಿಲ್ಲ. ತಲೆ ಮೇಲಕ್ಕೆ ಎಗರಿಸಿ ನಿಮ್ಮ ಬೆರಳನ್ನು ತಳ್ಳಿದರೆ ಅದು ಮುದ್ದಲ್ಲ, "ಸಾಕು" ಅಂತ. ಸಾಕು ಅಂದಾಗ ನಿಲ್ಲಿಸಿದರೆ ನಾಳೆ ಬೇಗ ಬರುತ್ತದೆ.

ಎಷ್ಟು ದಿನ ಬೇಕು ಅಂತ ಕೇಳಬೇಡಿ. ಬೆಲ್ಲಕ್ಕೆ ಒಂದು ವಾರ ಸಾಕಾಯಿತು. ಕಡ್ಲೆಗೆ ಎರಡು ತಿಂಗಳು. ಇಬ್ಬರೂ ಒಂದೇ ದಿನ ಬಂದವರು, ಒಂದೇ ಗೂಡು.

## ಹಂತ 6: ಎತ್ತಲೇಬೇಕಾದಾಗ

ಡಾಕ್ಟರ್ ಹತ್ತಿರ ಹೋಗಬೇಕು, ಉಗುರು ಕತ್ತರಿಸಬೇಕು, ಇಂಥದ್ದಕ್ಕೆ ಎತ್ತಲೇಬೇಕು. ಅಂಗಡಿಯಲ್ಲಿ ಕುತ್ತಿಗೆ ಚರ್ಮ ಹಿಡಿದು ಎತ್ತುವುದನ್ನು ನೋಡಿರುತ್ತೀರಿ. ಹಾಗೆ ಮಾಡಬೇಡಿ.

ಸುಲಭದ ದಾರಿ: ಗೂಡಿನೊಳಗೆ ಅಟ್ಟಾಡಿಸದೆ, ಡಬ್ಬದೊಳಗೆ ಹೋಗುವ ಹಾಗೆ ಮಾಡಿ, ಎರಡೂ ಬಾಗಿಲು ಕೈಯಿಂದ ಮುಚ್ಚಿ, ಡಬ್ಬದ ಸಮೇತ ಎತ್ತಿ. ತಳ ಗಟ್ಟಿಯಾಗಿರಲಿ.

ಕೈಯಿಂದಲೇ ಎತ್ತುವುದಾದರೆ ಪಕ್ಕದಿಂದ ಬನ್ನಿ. ಒಂದು ಕೈ ಮುಂಗಾಲಿನ ಹಿಂದೆ ಎದೆಯ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ. ತಕ್ಷಣ ನಿಮ್ಮ ಎದೆಗೆ ತಂದು, ನಾಲ್ಕೂ ಪಾದ ನಿಮ್ಮ ಮೈಗೆ ತಾಗುವ ಹಾಗೆ ಹಿಡಿಯಿರಿ. ಕಾಲು ಗಾಳಿಯಲ್ಲಿ ತೂಗಾಡಿದರೆ ಒದ್ದಾಡುತ್ತದೆ. ಆಮೇಲೆ ನೆಲದ ಮೇಲೇ ಕೂತುಬಿಡಿ. ಸೊಂಟದೆತ್ತರದಿಂದ ಬಿದ್ದರೂ ಕಾಲು, ಬೆನ್ನುಮೂಳೆ ಮುರಿಯಬಹುದು.

ಜಾಸ್ತಿ ಬೀಳುವುದು ವಾಪಸ್ ಬಿಡುವಾಗ. ಗೂಡು ಕಂಡ ಕೂಡಲೇ ಕೈಯಿಂದ ಚಿಮ್ಮುತ್ತವೆ. ಅದಕ್ಕೇ ಮುಖ ನಿಮ್ಮ ಕಡೆ ಇರಲಿ, ಹಿಂಭಾಗ ಮೊದಲು ನೆಲ ಮುಟ್ಟಲಿ, ಒದ್ದಾಟ ನಿಂತ ಮೇಲೆ ಕೈ ಬಿಡಿ.

ಮಡಿಲಲ್ಲಿ ಕೂರಿಸಿಕೊಳ್ಳುವಾಗ ಟವೆಲ್ ಹಾಸಿ, ಅದರ ಒಂದು ಅಂಚನ್ನು ಗುಡಾರದ ಹಾಗೆ ಮೇಲೆ ಹೊದಿಸಿ. ಬಿಗಿಯಾಗಿ ಸುತ್ತಬೇಡಿ. ಮೊದಲ ಸಲ ಐದು ನಿಮಿಷ ಸಾಕು. ಹತ್ತು ಹದಿನೈದು ನಿಮಿಷದ ಮೇಲೆ ಚಡಪಡಿಸಿ, ಹಿಂದೆ ಹಿಂದೆ ಸರಿದು ಬಟ್ಟೆ ಕಚ್ಚತೊಡಗಿದರೆ ಅದಕ್ಕೆ ಉಚ್ಚೆ ಬಂದಿದೆ. ಬೇಗ ಬಿಡಿ, ಇಲ್ಲಾಂದ್ರೆ ನಿಮ್ಮ ಪ್ಯಾಂಟು ಹೇಳುತ್ತದೆ.

## ಮಂಚದ ಕೆಳಗೆ ಓಡಿಹೋದರೆ

ಪೊರಕೆ ಬೇಡ. ಕೋಲು ಬೇಡ. ಮನೆಮಂದಿಯೆಲ್ಲ ನಾಲ್ಕೂ ಕಡೆಯಿಂದ ಮುತ್ತಿಗೆ ಹಾಕುವುದೂ ಬೇಡ. ನಾನೇ ಒಮ್ಮೆ ಹೀಗೆ ಮಾಡಿ, ಬೆಲ್ಲ ಫ್ರಿಜ್ ಹಿಂದೆ ಸೇರಿಕೊಂಡು, ರಾತ್ರಿ ಹನ್ನೊಂದಕ್ಕೆ ಇಬ್ಬರು ಸೇರಿ ಫ್ರಿಜ್ ಸರಿಸಬೇಕಾಯಿತು.

1. ಬಾಗಿಲು ಹಾಕಿ. ಫ್ರಿಜ್, ಬೀರು, ವಾಷಿಂಗ್ ಮೆಷಿನ್ ಹಿಂದಿನ ಸಂದಿಗಳನ್ನು ದಿಂಬು ತುರುಕಿ ಮುಚ್ಚಿ.
2. ಕೈಗೆಟಕುವ ವೈರುಗಳ ಪ್ಲಗ್ ತೆಗೆಯಿರಿ, ಗಿನಿಪಿಗ್ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ.
3. ಅದರದೇ ಡಬ್ಬವನ್ನು ಗೋಡೆಗೆ ತಾಗಿಸಿಡಿ. ಒಳಗೆ ಗೂಡಿನ ಹುಲ್ಲು, ಕೊತ್ತಂಬರಿ. ಗಿನಿಪಿಗ್ ಕೋಣೆಯ ನಡುವೆ ಓಡುವುದಿಲ್ಲ, ಗೋಡೆ ಹಿಡಿದೇ ನಡೆಯುತ್ತದೆ.
4. ದೀಪ ಸ್ವಲ್ಪ ಮಂದ ಮಾಡಿ, ದೂರ ಕೂತು ಕಾಯಿರಿ. ತುಂಬಾ ಹೊತ್ತಾದರೆ ಅಗಲವಾದ ರಟ್ಟನ್ನು ಗೋಡೆಯ ಹಾಗೆ ಹಿಡಿದು, ಇಂಚಿಂಚೇ ಸರಿಸುತ್ತಾ ದಾರಿಯನ್ನು ಡಬ್ಬದ ಕಡೆಗೆ ಕಿರಿದು ಮಾಡಿ.

## ಒಂಟಿಯಾಗಿದ್ದರೆ ಏನು ಮಾಡಿದರೂ ಅರ್ಧವೇ

ಗಿನಿಪಿಗ್ ಗುಂಪಿನಲ್ಲಿ ಬದುಕುವ ಪ್ರಾಣಿ. ಒಂದು ತಿನ್ನುವಾಗ ಇನ್ನೊಂದು ಕಾವಲು. ಒಂಟಿಯಾಗಿದ್ದರೆ ಕಾವಲು, ಊಟ, ನಿದ್ದೆ ಎಲ್ಲವನ್ನೂ ಒಂದೇ ಮಾಡಬೇಕು. ಸ್ವಿಟ್ಜರ್‌ಲೆಂಡ್‌ನಲ್ಲಿ 2008ರಿಂದ ಒಂದೇ ಗಿನಿಪಿಗ್ ಸಾಕುವಂತಿಲ್ಲ ಅಂತ ಕಾನೂನೇ ಇದೆ. ಎರಡು ಹೆಣ್ಣು ಇಲ್ಲವೇ ಸಂತಾನಹರಣ ಮಾಡಿಸಿದ ಗಂಡು ಮತ್ತು ಹೆಣ್ಣು ಒಳ್ಳೆಯ ಜೋಡಿ. ಜೊತೆಗೆ ಇರಲಿ ಅಂತ ಮೊಲ ತರಬೇಡಿ. ಮೊಲ ಒದ್ದರೆ ಗಿನಿಪಿಗ್‌ಗೆ ಪೆಟ್ಟಾಗುತ್ತದೆ, ಮೊಲಕ್ಕೆ ಏನೂ ಮಾಡದೆ ಅದರ ಮೂಗಿನಲ್ಲಿರುವ ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಗಿನಿಪಿಗ್‌ಗೆ ನ್ಯುಮೋನಿಯಾ ಬರಬಹುದು.

ಹೊಸದನ್ನು ತಂದ ದಿನವೇ ಒಟ್ಟಿಗೆ ಬಿಡಬೇಡಿ. ಎರಡು ಮೂರು ವಾರ ಬೇರೆ ಕೋಣೆಯಲ್ಲಿಟ್ಟು, ಕಾಯಿಲೆ ಇಲ್ಲ ಅಂತ ಖಾತ್ರಿಯಾದ ಮೇಲೆ, ಇಬ್ಬರಿಗೂ ಹೊಸದಾದ ಜಾಗದಲ್ಲಿ ರಾಶಿ ಹುಲ್ಲು ಹಾಕಿ ಭೇಟಿ ಮಾಡಿಸಿ.

## ದೀಪಾವಳಿಗೆ ಬೇರೆಯೇ ತಯಾರಿ

ಪಟಾಕಿಗೆ ರಾತ್ರಿ 8ರಿಂದ 10 ಅಂತ ಹೊತ್ತು ಗೊತ್ತು ಮಾಡಿದ್ದರೂ ನಮ್ಮ ಬೀದಿಗಳಿಗೆ ಅದು ಕೇಳಿಸುವುದಿಲ್ಲ. ನರಕ ಚತುರ್ದಶಿಯ ದಿನವಂತೂ ಎಣ್ಣೆಸ್ನಾನ ಮುಗಿಸಿದ ಮಕ್ಕಳು ಬೆಳಗಿನ ಜಾವಕ್ಕೇ ಶುರು ಮಾಡುತ್ತಾರೆ. ಹಾಗಾಗಿ ಸಂಜೆಗೆ ತಯಾರಾದರೆ ಸಾಲದು.

ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ಗೂಡನ್ನು ಬೀದಿಗೆ ಕಿಟಕಿಯಿಲ್ಲದ ಒಳಕೋಣೆಗೆ ಸಾಗಿಸಿ. ಸದ್ದು ಶುರುವಾದ ಮೇಲೆ ಜಾಗವನ್ನೂ ಬದಲಿಸಿದರೆ ಎರಡು ಹೆದರಿಕೆ ಒಟ್ಟಿಗೆ ಬಿದ್ದ ಹಾಗೆ. ಹಬ್ಬದ ದಿನ ಗೂಡನ್ನು ಪೂರ್ತಿ ತೊಳೆಯಬೇಡಿ, ಮನೆಯೆಲ್ಲ ಬಳಿದು ತೊಳೆಯುವ ಹುರುಪಿನಲ್ಲಿ ಇದನ್ನೂ ತಿಕ್ಕಿಬಿಡುತ್ತೇವೆ. ಅದರ ಸ್ವಂತ ವಾಸನೆ ಇರುವ ಹಾಸಿಗೆಯೇ ಆ ದಿನ ಅದಕ್ಕೆ ಧೈರ್ಯ. ಫ್ಯಾನು, ಸಣ್ಣ ದನಿಯಲ್ಲಿ ರೇಡಿಯೊ ಪಟಾಕಿಗೆ ಮೊದಲೇ ಓಡುತ್ತಿರಲಿ. ಫ್ಯಾನಿನ ಗಾಳಿ ನೇರ ಗೂಡಿಗೆ ಬೀಸದಿರಲಿ. ಹುಲ್ಲು ಎಂದಿನ ಎರಡರಷ್ಟು ಹಾಕಿ, ಅದು ಊಟವೂ ಹೌದು, ಅಡಗುತಾಣವೂ ಹೌದು. ಕಿವಿಗೆ ಹತ್ತಿ ತುರುಕುವ ಸಾಹಸ ಮಾತ್ರ ಬೇಡ.

ನನ್ನ ಮೊದಲ ದೀಪಾವಳಿಯಲ್ಲಿ ಕಡ್ಲೆಯನ್ನು ಎದೆಗೊತ್ತಿ ಹಿಡಿದುಕೊಂಡು ಮನೆಯೆಲ್ಲ ತಿರುಗಿದ್ದೆ. ಲಕ್ಷ್ಮೀ ಪಟಾಕಿ ಒಂದು ಸಿಡಿದ ಕೂಡಲೇ ಕೈಯಿಂದ ಹಾರಿತು. ಪುಣ್ಯಕ್ಕೆ ಕೆಳಗೆ ಹಾಸಿಗೆ ಇತ್ತು. ಆ ಎರಡು ತಿಂಗಳ ಮುನಿಸಿಗೆ ಅದೂ ಒಂದು ಕಾರಣ ಇರಬೇಕು.

## ಇವು ಕಂಡರೆ ಸಮಾಧಾನ ಬಿಡಿ, ಡಾಕ್ಟರ್ ಹತ್ತಿರ ಹೊರಡಿ

- ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಕರಕರ ಸದ್ದು. ನಿಮಿಷಕ್ಕೆ 40ರಿಂದ 100 ಉಸಿರು ಅವುಗಳಿಗೆ ಸಹಜ, ಬರೀ ಪಕ್ಕೆ ಬೇಗ ಬೇಗ ಆಡುತ್ತಿದೆ ಅಂತ ಗಾಬರಿ ಬೇಡ.
- ಎಂಟು ಹತ್ತು ಗಂಟೆ ತಿನ್ನದಿರುವುದು, ಹಿಕ್ಕೆ ನಿಲ್ಲುವುದು ಅಥವಾ ತೀರಾ ಸಣ್ಣದಾಗುವುದು, ಹೊಟ್ಟೆ ಡೋಲಿನ ಹಾಗೆ ಉಬ್ಬುವುದು.
- ಜೊಲ್ಲು, ಮೈ ಚಾಚಿ ಬಿದ್ದಿರುವುದು. ಸೆಕೆಯ ದಿನವಾದರೆ ಒದ್ದೆ ಬಟ್ಟೆಯಲ್ಲಿ ಕಿವಿ, ಪಾದ ಒರೆಸುತ್ತಾ ಹೊರಡಿ. ಐಸ್ ನೀರು ಬೇಡ.
- ತಲೆ ಒಂದು ಕಡೆ ವಾಲುವುದು, ಹಿಂಗಾಲು ಎಳೆಯುವುದು.
- ಉಚ್ಚೆಯಲ್ಲಿ ರಕ್ತ. ಹಾಲಿನ ಹಾಗೆ ಬೆಳ್ಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಇದ್ಯಾವುದೂ ಇಲ್ಲ, ಆದರೆ ವಾರಗಟ್ಟಲೆ ಅಡಗಿಯೇ ಇದೆ ಅನ್ನುವವರಿಗೆ ತಕ್ಕಡಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಡಬ್ಬದ ಸಮೇತ ತೂಗಿ ಡಬ್ಬದ ತೂಕ ಕಳೆಯಿರಿ, ಕ್ಯಾಲೆಂಡರ್‌ನಲ್ಲಿ ಬರೆದಿಡಿ. ದೊಡ್ಡ ಗಿನಿಪಿಗ್ ಸುಮಾರು 700ರಿಂದ 1200 ಗ್ರಾಂ ತೂಗುತ್ತದೆ. ಒಂದೇ ವಾರದಲ್ಲಿ 50 ಗ್ರಾಂಗಿಂತ ಜಾಸ್ತಿ ಇಳಿದರೆ ಅದು ಹೆದರಿಕೆ ಮಾತ್ರ ಅಲ್ಲ, ಹಲ್ಲೋ ಹೊಟ್ಟೆಯೋ ಕೆಟ್ಟಿರಬಹುದು.

ಡಾಕ್ಟರ್‌ರನ್ನು ಮಾತ್ರ ಈಗಲೇ ಹುಡುಕಿಟ್ಟುಕೊಳ್ಳಿ. ದನ, ನಾಯಿ ನೋಡುವವರೆಲ್ಲ ಗಿನಿಪಿಗ್ ನೋಡುವುದಿಲ್ಲ. ಫೋನ್ ಮಾಡಿ "ಗಿನಿಪಿಗ್, ಮೊಲ ನೋಡ್ತೀರಾ? ರಾತ್ರಿ ಸಿಗ್ತೀರಾ?" ಅಂತ ಕೇಳಿ, ನಂಬರು ಗೂಡಿನ ಮೇಲೆಯೇ ಅಂಟಿಸಿಡಿ. ಹೋಗುವಾಗ ಜೋಡಿಯನ್ನೂ ಅದೇ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಹೋಗಿ, ದಾರಿಯ ಹೆದರಿಕೆ ಅರ್ಧ ಇಳಿಯುತ್ತದೆ. ಒಂದು ಹಿಡಿ ಹುಲ್ಲು ಹಾಕುವುದನ್ನು ಮರೆಯಬೇಡಿ.